ಡಿಹೈಡ್ರೇಟರ್ ತಗೊಳ್ಳಲಾ, ಬೇಡವಾ? ಮಳೆಯ ಕಾಟದಲ್ಲಿ ಸಂಡಿಗೆ, ಹಪ್ಪಳ, ಮಿಡಿ

ಹೆತ್ತೂರಿನ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ಕಾಫಿಗೆ ಹೂಮಳೆ ಚೆನ್ನಾಗಿ ಬಂತು ಅಂತ ಯಜಮಾನ್ರು ಖುಷಿಯಲ್ಲಿದ್ದಾರೆ. ತಲೆನೋವು ನನಗೆ. ಬೆಳಿಗ್ಗೆ ಸುಡು ಬಿಸಿಲು ನೋಡಿ ಸಂಡಿಗೆ ಹಾಕ್ತೀನಿ, ಊಟದ ಹೊತ್ತಿಗೆ ಮೋಡ, ಮೂರು ಗಂಟೆಗೆ ಗುಡುಗು. ಚಾಪೆ ಸಮೇತ ಎತ್ತಿಕೊಂಡು ಒಳಗೆ ಓಡಬೇಕು. ಹಾಲ್‌ನಲ್ಲಿ ಫ್ಯಾನ್ ಕೆಳಗೆ ಹರಡಿದರೆ ಮೇಲೆ ಒಣಗಿದ ಹಾಗೆ ಕಾಣುತ್ತೆ, ಎರಡನೇ ದಿನಕ್ಕೆ ಹುಳಿ ವಾಸನೆ.

ಬೆಂಗಳೂರಿನಲ್ಲಿರುವ ಮಗ ಕಳೆದ ದೀಪಾವಳಿಗೆ ಏರ್ ಫ್ರೈಯರ್ ತಂದುಕೊಟ್ಟಿದ್ದಾನೆ. ಅದರಲ್ಲೇ ಒಣಗಿಸಮ್ಮ ಅಂತಾನೆ. ಮಗಳು ಬೇಡ, ಒಣಗಿಸೋಕೆ ಅಂತಲೇ ಡಿಹೈಡ್ರೇಟರ್ ಅನ್ನೋ ಬೇರೆ ಮೆಷಿನ್ ಬರುತ್ತೆ, ತಗೋ ಅಂತಾಳೆ. ಅತ್ತೆಯದು ಒಂದೇ ಮಾತು: "ಬಿಸಿಲು ಕಾಣದ ಹಪ್ಪಳ ಎಣ್ಣೆಯಲ್ಲಿ ಅರಳಲ್ಲ." ನಾಲ್ಕೈದು ಸಾವಿರ ಕೊಟ್ಟು ತಂದು ಅಟ್ಟಕ್ಕೆ ಹಾಕುವ ಹಾಗೆ ಆಗಬಾರದು, ಅದಕ್ಕೆ ಕೇಳ್ತಿದ್ದೀನಿ.

ಇನ್ನೊಂದು, ಹಲಸಿನಕಾಯಿ ಹಪ್ಪಳ. ಬಕ್ಕೆ ಮರದಲ್ಲಿ ಕಾಯಿ ಬಲಿತಿದೆ. ಒನಕೆಯಲ್ಲಿ ಕುಟ್ಟೋಕೆ ಈಗ ಭುಜ ಕೇಳಲ್ಲ. ಬೇಯಿಸಿದ ತೊಳೆ ಮಿಕ್ಸಿಗೆ ಹಾಕಿದರೆ ಎರಡು ಸುತ್ತಿಗೆ ನಿಂತುಬಿಡುತ್ತೆ. ಗ್ರೈಂಡರ್‌ಗೆ ಹಾಕಿದರೆ ಕಲ್ಲಿಗೆ ಅಂಟಿಕೊಂಡು ಸುಮ್ನೆ ತಿರುಗುತ್ತೆ. ಇದಕ್ಕೇನಾದರೂ ಉಪಾಯ ಇದೆಯಾ?

ಮಿಡಿ ಆಗಲೇ ಉಪ್ಪಿನಲ್ಲಿ ಬಿದ್ದಿದೆ. ಅದನ್ನು ಗಾಳಿ ಎಳೆಯುವ ಪಂಪ್ ಮುಚ್ಚಳದ ಡಬ್ಬಕ್ಕೆ ಹಾಕಿದರೆ ಜಾಸ್ತಿ ದಿನ ಬರುತ್ತಾ?

ಅರಸೀಕೆರೆ ಬಿಸಿಲು:

ಅಕ್ಕಾ, ಮೆಷಿನ್ ದುಡ್ಡಲ್ಲಿ ಬಸ್ ಹತ್ತಿ ನಮ್ಮೂರಿಗೆ ಬನ್ನಿ. ನಿಮ್ಮ ಜಿಲ್ಲೆಯೇ, ನಮ್ಮ ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಪೇಣಿ ಸಂಡಿಗೆ ಬೆಳಿಗ್ಗೆ ಒತ್ತಿದರೆ ಸಂಜೆಗೆ ಕೈಯಲ್ಲಿ ಗಲಗಲ ಅನ್ನುತ್ತೆ. ಬಾಳಕದ ಮೆಣಸಿನಕಾಯಿ ರಾತ್ರಿ ಉಪ್ಪು ಮಜ್ಜಿಗೆಯಲ್ಲಿ, ಹಗಲು ಬಿಸಿಲಲ್ಲಿ. ಮಜ್ಜಿಗೆ ಪೂರ್ತಿ ಹೀರಿಕೊಳ್ಳುವ ತನಕ ಅದೇ ಕೆಲಸ. ಇದಕ್ಕೆಲ್ಲ ಮೆಷಿನ್ ಯಾಕೆ ಅಂತ ನನಗಂತೂ ಗೊತ್ತಾಗಲ್ಲ.

ಕಳಸದ ಕಡೆಯವಳು:

ಅರಸೀಕೆರೆಯವರಿಗೆ ಏನು ಗೊತ್ತು ನಮ್ಮ ಕಷ್ಟ! ನಿಮಗೆ ಬರದ ಮಳೆಯೆಲ್ಲ ಘಟ್ಟದ ಅಂಚಿನಲ್ಲಿ ನಮ್ಮ ತಲೆ ಮೇಲೇ ಸುರಿಯೋದು.

ಹೆತ್ತೂರಿನವರೇ, ನಮ್ಮ ಮನೆಯಲ್ಲಿ ಡಿಹೈಡ್ರೇಟರೂ ಇದೆ, ಏರ್ ಫ್ರೈಯರೂ ಇದೆ. ಹಪ್ಪಳ-ಸಂಡಿಗೆ ಮಾಡಿ ಪೇಟೆ ಅಂಗಡಿಗೂ ಕೊಡ್ತೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಏರ್ ಫ್ರೈಯರ್. ಅದು ಹುರಿಯೋಕೆ ಇರುವ ವಸ್ತು. ಎಷ್ಟೋ ಮಾಡೆಲ್‌ಗಳಲ್ಲಿ 80 ಡಿಗ್ರಿಗಿಂತ ಕೆಳಗೆ ಇಳಿಯೋದೇ ಇಲ್ಲ. ನಮಗೆ ಬೇಕಾದ್ದು 50ರಿಂದ 60. ಡಿಹೈಡ್ರೇಟ್ ಬಟನ್ ಇದ್ದರೂ ಬುಟ್ಟಿಯಲ್ಲಿ ಹಿಡಿಸೋದು ಒಂದು ಹಿಡಿ ಸಂಡಿಗೆ. ಜೊತೆಗೆ ಫ್ಯಾನ್ ಜೋರು, ಹಪ್ಪಳ ಹಗುರ. ಒಣಗುತ್ತಾ ಬಂದ ಹಾಗೆ ಎದ್ದು ಮೇಲಿನ ಕಾಯಿಲ್‌ಗೆ ಅಂಟಿ ಕರಟಿಹೋಗುತ್ತೆ. ಒಂದು ಬೊಗಸೆ ಕರಿಬೇವು, ನಾಲ್ಕು ಮೆಣಸಿನಕಾಯಿ ಗರಿಗರಿ ಮಾಡೋಕೆ ಸಾಕು, ಅಷ್ಟೇ.

ಬಿಸಿ ಜಾಸ್ತಿ ಕೊಟ್ಟರೆ ಬೇಗ ಒಣಗುತ್ತೆ ಅಂತ ಎಲ್ಲರೂ ಅಂದುಕೊಳ್ತಾರೆ. ಅಲ್ಲೇ ಕೆಡೋದು. ಅಕ್ಕಿ ಹಿಟ್ಟು, ಹಲಸು ಇವೆಲ್ಲ ಗಂಜಿ ಇರುವ ಪದಾರ್ಥ. ಏಕಾಏಕಿ ಬಿಸಿ ತಗುಲಿದರೆ ಮೇಲ್ಮೈ ಸಿಪ್ಪೆಯ ಹಾಗೆ ಗಟ್ಟಿಯಾಗುತ್ತೆ, ಒಳಗಿನ ನೀರಿಗೆ ಹೊರಗೆ ಬರೋಕೆ ದಾರಿ ಇರಲ್ಲ. ಡಬ್ಬಕ್ಕೆ ತುಂಬುವಾಗ ಚೆನ್ನಾಗೇ ಇರುತ್ತೆ. ಆಷಾಢದಲ್ಲಿ ಮುಚ್ಚಳ ತೆಗೆದರೆ ಬೂಷ್ಟು. ಒಣಗಿಸೋಕೆ ಬಿಸಿಗಿಂತ ಮುಖ್ಯವಾಗಿ ಬೇಕಾದ್ದು ಗಾಳಿ ಓಡಾಟ. ಒದ್ದೆ ಗಾಳಿ ಹೊರಗೆ ಹೋಗ್ತಾ ಇರಬೇಕು. ಫ್ಯಾನ್ ಇಲ್ಲದ ಓಟಿಜಿ ಓವನ್‌ನಲ್ಲಿ ಇಟ್ಟರೆ ಬೇಯುತ್ತೆ, ಒಣಗಲ್ಲ.

ಡಿಹೈಡ್ರೇಟರ್‌ನಲ್ಲಿ ಎರಡು ತರಹ. ಒಂದರ ಮೇಲೊಂದು ಗುಂಡು ಟ್ರೇ, ಫ್ಯಾನ್ ತಳದಲ್ಲಿ. ಇನ್ನೊಂದು ಪೆಟ್ಟಿಗೆ ತರಹದ್ದು, ಫ್ಯಾನ್ ಹಿಂದುಗಡೆ. ಗುಂಡು ಟ್ರೇಯದು ಅಗ್ಗ, ಆದರೆ ಕೆಳಗಿನ ಟ್ರೇ ಒಣಗಿದಾಗ ಮೇಲಿನದು ಹಸಿಯಾಗೇ ಇರುತ್ತೆ, ಗಂಟೆಗೊಂದು ಸಲ ಅದಲುಬದಲು ಮಾಡ್ತಾ ಕೂರಬೇಕು. ಟ್ರೇ ನಡುವೆ ತೂತು ಬೇರೆ ಇರುತ್ತೆ, ಹಪ್ಪಳ ಜಾಸ್ತಿ ಹಿಡಿಸಲ್ಲ. ತಗೊಳ್ಳೋದಾದರೆ ಪೆಟ್ಟಿಗೆಯದೇ ತಗೊಳ್ಳಿ. ಟ್ರೇ ಸ್ಟೀಲಿಂದಾ ಅಂತ ನೋಡಿ. ಡಿಗ್ರಿ ಇಡೋ ಗುಂಡಿ ಇಲ್ಲದ ಮಾಡೆಲ್ ಬೇಡವೇ ಬೇಡ.

ಕರೆಂಟ್ ಲೆಕ್ಕ ಸುಲಭ. 500 ವ್ಯಾಟ್ ಮೆಷಿನ್ ಎಂಟು ಗಂಟೆ ಓಡಿದರೆ ಜಾಸ್ತಿ ಅಂದರೆ 4 ಯೂನಿಟ್. ಬಿಸಿ ಬೇಕಾದಷ್ಟು ಏರಿದ ಮೇಲೆ ಕಾಯಿಲ್ ಆಗಾಗ ಆಫ್ ಆಗೋದರಿಂದ ಇನ್ನೂ ಕಡಿಮೆ ಬರಬಹುದು. ಕರೆಂಟ್ ಹೋದರೆ ಬಾಗಿಲು ತೆಗೆದಿಡಿ. ಮುಚ್ಚಿಟ್ಟರೆ ಹಬೆಯೆಲ್ಲ ತಿರುಗಿ ಹಪ್ಪಳಕ್ಕೇ ಇಳಿಯುತ್ತೆ.

ನಾನು ಮಾಡೋದು ಹೀಗೆ. ಬೆಳಗಿನ ಬಿಸಿಲು ಎಷ್ಟು ಸಿಗುತ್ತೋ ಅಷ್ಟು ಅಂಗಳದಲ್ಲಿ. ಮೋಡ ಕವಿದ ತಕ್ಷಣ ಟ್ರೇಗೆ ಎತ್ತಿ 50-55ರಲ್ಲಿ ಮೆಷಿನ್‌ಗೆ. ಅರ್ಧ ಬಿಸಿಲು, ಅರ್ಧ ಮೆಷಿನ್. ಅತ್ತೆಯವರಿಗೂ ಸಮಾಧಾನ ಆಗುತ್ತೆ ನೋಡಿ! ಎಣ್ಣೆಯಲ್ಲಿ ಅರಳೋದು ಬಿಡೋದು ಹಿಟ್ಟಿನ ಹದ, ಒಣಗಿದ ಹದದ ಮೇಲೆ. ಮೆಷಿನ್‌ನಲ್ಲಿ ಒಣಗಿದ್ದೂ ಚೆನ್ನಾಗೇ ಅರಳುತ್ತೆ.

ಟ್ರೇ ಜಾಲರಿ ಮೇಲೆ ಹಸಿ ಸಂಡಿಗೆ ನೇರ ಇಡಬೇಡಿ, ಜಾಲರಿ ತೂತಿಗೆ ಸಿಕ್ಕಿಕೊಂಡು ಪುಡಿಯಾಗುತ್ತೆ. ಹಳೇ ಪಂಚೆಯನ್ನು ಟ್ರೇ ಅಳತೆಗೆ ಕತ್ತರಿಸಿ, ಒದ್ದೆ ಮಾಡಿ ಹಿಂಡಿ ಹಾಸಿ. ಒಣಗಿದ ಮೇಲೆ ಬಟ್ಟೆ ಮಗುಚಿ ಹಿಂದಿನಿಂದ ನೀರು ಚಿಮುಕಿಸಿದರೆ ಬಿಟ್ಟುಕೊಳ್ಳುತ್ತೆ. ಆಮೇಲೆ ಬರೀ ಜಾಲರಿ ಮೇಲೆ ಇನ್ನೊಂದು ಸುತ್ತು.

ಡಬ್ಬಕ್ಕೆ ತುಂಬುವ ಮುಂಚೆ ಒಂದು ಪರೀಕ್ಷೆ. ಪೂರ್ತಿ ಆರಿದ ಮೇಲೆ ಒಂದಷ್ಟನ್ನು ಗಾಜಿನ ಬಾಟಲಿಗೆ ಹಾಕಿ ಮುಚ್ಚಿ, ಒಂದು ವಾರ ಕಣ್ಣಿಗೆ ಬೀಳೋ ಜಾಗದಲ್ಲಿಡಿ. ಗಾಜಿನ ಒಳಗೋಡೆ ಮೇಲೆ ಮಂಜು ಕಟ್ಟಿದರೆ ಇನ್ನೂ ಹಸಿ ಇದೆ ಅಂತ ಅರ್ಥ, ಎಲ್ಲವನ್ನೂ ತಿರುಗಿ ಮೆಷಿನ್‌ಗೆ ಹಾಕಿ. ಮಂಜು ಇಲ್ಲದೆ ಹಪ್ಪಳ ಬಗ್ಗಿಸಿದರೆ ಪಟ್ ಅಂತ ಮುರಿದರೆ ಸರಿ.

ಈಗ ಹಲಸು. ದುಡ್ಡು ಹಾಕೋದಾದರೆ ಮೊದಲು ಇದಕ್ಕೆ ಹಾಕಿ ಅಂತ ನಾನು ಹೇಳ್ತೀನಿ. ಮಳೆ ಕೈ ಕೊಟ್ಟರೆ ನಾಳೆ ಬಿಸಿಲು ಬರಬಹುದು, ಭುಜ ಕೈ ಕೊಟ್ಟರೆ ಕಷ್ಟ. ಮಿಕ್ಸಿ ನಿಂತಿದ್ದು ಕೆಟ್ಟು ಅಲ್ಲ. ಮೋಟರ್ ಸುಡಬಾರದು ಅಂತ ಅದೇ ಆಫ್ ಆಗಿರುತ್ತೆ. ಸ್ವಲ್ಪ ಹೊತ್ತು ಆರೋಕೆ ಬಿಟ್ಟು ತಳದಲ್ಲಿರುವ ಕೆಂಪು ಗುಂಡಿ ಒತ್ತಿ. ಆದರೆ ಹಲಸಿಗೆ ಮಿಕ್ಸಿ ಸರಿಹೋಗಲ್ಲ. ನೀರು ಹಾಕಿದರೆ ತಿರುಗುತ್ತೆ, ಹಿಟ್ಟು ಹಾಳಾಗುತ್ತೆ. ಟೇಬಲ್ ಅಂಚಿಗೆ ತಿರುಪು ಹಾಕಿ ಬಿಗಿಯೋ, ಕೈಯಲ್ಲಿ ತಿರುಗಿಸೋ, ಮಾಂಸ ಅರೆಯೋ ಕೀಮಾ ಮಷಿನ್ ಸಿಗುತ್ತೆ. ಪಾತ್ರೆ ಅಂಗಡಿಯಲ್ಲಿ ಕೇಳಿ. ಅತ್ತೆ ಮುಂದೆ ಅದರ ಹೆಸರು ಎತ್ತಬೇಡಿ, ಹಪ್ಪಳದ ಮಷಿನ್ ಅನ್ನಿ, ಮುಗೀತು.

ತೊಳೆಯನ್ನು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಬೇಯಿಸಿ. ನೀರಿಗೆ ಹಾಕಿ ಬೇಯಿಸಬೇಡಿ. ಬಿಸಿ ಇರುವಾಗಲೇ ಉಪ್ಪು, ಜೀರಿಗೆ, ಅರೆದ ಮೆಣಸಿನಕಾಯಿ ಬೆರೆಸಿ ಮಷಿನ್ ಬಾಯಿಗೆ ಹಾಕಿ. ಆರಿದರೆ ಮುದ್ದೆ ಕಟ್ಟೋದು ಕಷ್ಟ. ಮಷಿನ್ ಒಳಗೂ ನಿಮ್ಮ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಮೇಣ ತೆಗೆಯೋದೇ ಒಂದು ದಿನದ ಕೆಲಸ. ಎರಡು ಸಲ ಹಾಯಿಸಿದರೆ ಒನಕೆಯಲ್ಲಿ ಕುಟ್ಟಿದಷ್ಟೇ ನುಣ್ಣಗೆ ಬರುತ್ತೆ. ಒತ್ತೋಕೆ ಮರದ ಮಣೆ ಸಾಕು. ಕರೆಂಟಿನ ಚಪಾತಿ ಮೇಕರ್‌ನಲ್ಲಿ ಒತ್ತುವ ವಿಡಿಯೋ ಓಡಾಡ್ತಿದೆ, ಅದನ್ನು ನಂಬಬೇಡಿ. ಅದು ಒತ್ತುವಾಗಲೇ ಬೇಯಿಸಿಬಿಡುತ್ತೆ.

ಮಿಡಿಗೆ ಪಂಪ್ ಡಬ್ಬ ಬೇಡ. ಕಿಲೋ ಮಿಡಿಗೆ ಕಾಲು ಕಿಲೋ ಹರಳುಪ್ಪು ಬಿದ್ದಿದ್ದರೆ ಕಾಯೋ ಕೆಲಸ ಉಪ್ಪೇ ಮಾಡುತ್ತೆ. ಮಿಡಿ ಮುರುಟಿ, ಬಿಟ್ಟ ನೀರಿನಲ್ಲಿ ಪೂರ್ತಿ ಮುಳುಗಿರಬೇಕು. ತೇಲಿದ ಮಿಡಿಯೇ ಮೊದಲು ಮೆತ್ತಗಾಗೋದು. ಮೇಲೆ ತೊಳೆದು ಒಣಗಿಸಿದ ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿ. ಖಾರ ಅರೆಯೋಕೂ ಅದೇ ಉಪ್ಪುನೀರು ಕುದಿಸಿ ಆರಿಸಿ ಬಳಸಿ, ನಲ್ಲಿ ನೀರು ಹನಿಯೂ ಬೇಡ.

ಮೂಡಿಗೆರೆ ತೋಟದವನು:

ಕಳಸದ ಅಕ್ಕ ಹೇಳಿದ್ದು ಸರಿ. ಆದರೆ ತೋಟದವರಿಗೆ ಇನ್ನೊಂದು ದಾರಿ ಇದೆ. ಕಾಫಿ, ಕಾಳುಮೆಣಸು ಮುಗಿದ ಮೇಲೆ ಕಣ ಖಾಲಿ ಬಿದ್ದಿರುತ್ತೆ. ಕಬ್ಬಿಣದ ಪೈಪ್ ಬಗ್ಗಿಸಿ ಮೇಲೆ ಪಾಲಿಹೌಸ್ ಶೀಟ್ ಹೊದಿಸಿದರೆ ಮಳೆ ಬಂದರೂ ಎತ್ತಿಕೊಂಡು ಓಡಬೇಕಿಲ್ಲ. ಎರಡೂ ತುದಿ ತೆರೆದು ಸೊಳ್ಳೆಪರದೆ ಕಟ್ಟಬೇಕು, ಇಲ್ಲದಿದ್ದರೆ ಒಳಗೆ ಬೆವರು ಕಟ್ಟಿ ಶೀಟಿನಿಂದ ಹನಿ ಬೀಳುತ್ತೆ. ನಮ್ಮಮ್ಮ ಮಂಚ ಹಾಕಿ ಅದರ ಮೇಲೆ ಹಪ್ಪಳ ಹರಡ್ತಾರೆ. ನೆಲದ ಮೇಲೆ ಬೇಡ, ಇರುವೆ ಬರುತ್ತೆ. ಮೆಣಸು ಒಣಗಿಸೋಕೂ ಅದೇ ಆಗುತ್ತೆ, ಹಾಗಾಗಿ ಖರ್ಚು ಯಜಮಾನ್ರ ಲೆಕ್ಕಕ್ಕೆ ಹಾಕಿಬಿಡಿ.

ಹಾಸನ ಫ್ಲಾಟ್ ನಂ. ಮೂರು:

ಎಲ್ಲರೂ ಹೊಗಳ್ತಿದ್ದೀರಾ, ನನ್ನದೊಂದು ತಕರಾರು ಇರಲಿ. ಡಿಹೈಡ್ರೇಟರ್ ರಾತ್ರಿಯಿಡೀ ಗುಂಯ್ ಅಂತಿರುತ್ತೆ. ಚಿಕ್ಕ ಮನೆಯಾದರೆ ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ತಾರೆ. ಬಾಲ್ಕನಿಯಲ್ಲಿ ಇಡೋಕೆ ಜಾಗ, ಪ್ಲಗ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಗೃಹಜ್ಯೋತಿ ಇರುವವರು ತಿಂಗಳ ಯೂನಿಟ್ ಮೇಲೆ ಒಂದು ಕಣ್ಣಿಡಿ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ.

ವ್ಯಾಕ್ಯೂಮ್ ಪ್ಯಾಕಿಂಗ್ ಮೆಷಿನ್ ಆಸೆಗೂ ಬೀಳಬೇಡಿ. ಗಾಳಿ ಎಳೆದ ತಕ್ಷಣ ಹಪ್ಪಳ ಪುಡಿಪುಡಿ, ಚೂಪು ಅಂಚು ಕವರ್ ತೂತು ಮಾಡುತ್ತೆ. ಕಿರಾಣಿ ಅಂಗಡಿಯವರು ಕವರ್ ಅಂಟಿಸೋಕೆ ಇಟ್ಟುಕೊಳ್ಳೋ ಸಾದಾ ಸೀಲರ್ ಸಾಕು.

ಹೆತ್ತೂರಿನ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಪೂರ್ತಿ ಓದಿ ಹೇಳಿದೆ, ಕೀಮಾ ಅನ್ನೋದನ್ನು ಮಾತ್ರ ನುಂಗಿಕೊಂಡೆ. "ಅರ್ಧ ಬಿಸಿಲು ಅಂದಳಲ್ಲ, ಆ ಹುಡುಗಿಗೆ ಬುದ್ಧಿ ಇದೆ" ಅಂದರು. ಹಪ್ಪಳದ ಮಷಿನ್ ಈ ವಾರವೇ ತರಿಸ್ತೀನಿ. ಕಣದ ಶೀಟಿನ ವಿಷಯ ಯಜಮಾನ್ರ ಕಿವಿಗೆ ಹಾಕಿದ್ದೀನಿ, ಹೂಂ ಅಂದಿದ್ದಾರೆ. ಅದು ಯಾವ ಹೂಂ ಅಂತ ನೋಡಬೇಕು. ಡಿಹೈಡ್ರೇಟರ್‌ಗೆ ಅತ್ತೆಯದು ಒಂದು ಷರತ್ತು. ಅದರಲ್ಲಿ ಕಾಟು (ಕಾಡು) ಮಾವಿನಹಣ್ಣಿನ ಮಾಂಬಳ, ಅಂದರೆ ರಸ ಹರಡಿ ಒಣಗಿಸಿದ ಹಾಳೆ, ಆಗುತ್ತಾ? ಆದರೆ ತಗೋ ಅಂತಾರೆ.

ಕಳಸದ ಕಡೆಯವಳು:

ಹುಡುಗಿ ಅಂದಿದ್ದಕ್ಕೆ ಅತ್ತೆಗೆ ನನ್ನ ನಮಸ್ಕಾರ ಹೇಳಿ, ನನಗೆ ಮೊಮ್ಮಗು ಇದೆ!

ಮಾಂಬಳ ಚೆನ್ನಾಗಿ ಆಗುತ್ತೆ. ಕಾಟು ಹಣ್ಣಿನಲ್ಲಿ ನಾರು ಜಾಸ್ತಿ, ರಸ ಹಿಂಡಿ ಜರಡಿಯಲ್ಲಿ ಸೋಸಿಕೊಳ್ಳಿ. ಇದಕ್ಕೆ ಪಂಚೆ ಬೇಡ, ಮೆಷಿನ್ ಜೊತೆ ಬರುವ ನಾನ್‌ಸ್ಟಿಕ್ ಶೀಟ್‌ಗೆ ತುಪ್ಪ ಸವರಿ ತೆಳ್ಳಗೆ ಹರಡಿ, 60 ಡಿಗ್ರಿ. ಅಂಚು ಮೊದಲು ಒಣಗುತ್ತೆ, ಹಾಗಾಗಿ ಅಂಚಿನಲ್ಲಿ ಕೊಂಚ ದಪ್ಪ, ನಡುವೆ ತೆಳು ಇರಲಿ. ನಡುಭಾಗ ಬೆರಳಿಗೆ ಅಂಟದಿದ್ದರೆ ಅದರ ಮೇಲೇ ಇನ್ನೊಂದು ಪದರ ಹೊಯ್ಯಿರಿ. ಬೇಕಾದಷ್ಟು ದಪ್ಪ ಬರುವ ತನಕ ಹೀಗೇ. ಸಕ್ಕರೆ ಹಾಕೋದು ಹಣ್ಣಿನ ಹುಳಿ ನೋಡಿಕೊಂಡು. ಹಾಕಿದರೆ ಒಣಗೋಕೆ ಇನ್ನೂ ಹೊತ್ತು ಹಿಡಿಯುತ್ತೆ, ಮೆಷಿನ್‌ಗೆ ಬೈಬೇಡಿ.