ಸಹಾಯ ಬೇಕು: ಲಿಥುವೇನಿಯನ್‌ನಲ್ಲಿ "ಹೋಗೋಣ್ವಾ?"

ವಿಲ್ನಿಯಸ್, ಕೌನಾಸ್ ಕಡೆ ಇರೋ ಕನ್ನಡಿಗರೇ, ಹೊಸದಾಗಿ ಬರೋರಿಗೆ ಒಂದು ಪುಟ ಸಿದ್ಧವಾಗ್ತಿದೆ, ನಿಮ್ಮ ನೆರವು ಬೇಕು.

ನಮ್ಮ "ಹೋಗೋಣ"ಕ್ಕೆ ಅಲ್ಲಿ ಎರಡು ಮಾತು: ನಡೆದು ಹೋಗೋದಾದ್ರೆ "ಎಯ್ನಮ್", ಗಾಡಿಯಲ್ಲಾದ್ರೆ "ವಝುಓಯಮ್". ಮುಂದೆ "ಗಲ್" ಸೇರಿಸಿದ್ರೆ ಮಾತು ಮೃದುವಾಗುತ್ತೆ: "ಗಲ್ ಎಯ್ನಮ್ ಈ ಕಿನಾ?", ಅಂದ್ರೆ ಸಿನಿಮಾಗೆ ಹೋಗೋಣ್ವಾ? ಎಡವೋದು ಇಲ್ಲೇ. "ಈ" (ಅಂದ್ರೆ "ಒಳಕ್ಕೆ") ಬಂದ್ಮೇಲೆ "ಕಿನಸ್" (ಸಿನಿಮಾ ಅನ್ನೋದರ ಮೂಲರೂಪ) ಅನ್ನೋ ಹಾಗಿಲ್ಲ. ಕೊನೆಯ "ಸ್" ಬಿದ್ದು ಸ್ವರ ದೀರ್ಘವಾಗಬೇಕು. ಕಡಲಿಗಾದ್ರೆ "ಪ್ರಿಯೆ ಯೂರೋಸ್", ಯಾಕಂದ್ರೆ ಹೋಗೋದು ಕಡಲ ಹತ್ತಿರಕ್ಕೆ, ಒಳಕ್ಕಲ್ಲ. ನಮ್ಮಲ್ಲಿಗೆ ಬಾ ಅನ್ನೋಕೆ "ಅತೆಯ್ಕ್ ಪಸ್ ಮನೆ" (ಈ "ಮನೆ" ಅಂದ್ರೆ "ನನ್ನನ್ನು", ಆದ್ರೂ ನೆನಪಿಡೋಕೆ ಎಷ್ಟು ಸುಲಭ!). ಹಿರಿಯರಿಗೆ "ಅತೆಯ್ಕಿತೆ".

"ಎಯ್ನಮ್", "ಎಯ್ಮೆ", "ಎಯ್ಕಿಮ್" (ನಡೆದು "ಹೋಗೋಣ" ಅನ್ನೋದರ ಬೇರೆ ಬೇರೆ ರೂಪ) ಮೂರನ್ನೂ ಅಲ್ಲಿನವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿ ಕಳಿಸ್ತೀರಾ? ಆಫೀಸಲ್ಲಿ ಊಟಕ್ಕೆ ಕರೆಯುವಾಗ ಯಾವುದು ಹೆಚ್ಚು ಕೇಳಿಸುತ್ತೆ ಅಂತಲೂ ಬರೀರಿ.