ಸಹಾಯ ಬೇಕು: ಪಿಎಚ್‌ಸಿಯ ಎನ್‌ಕ್ಯೂಎಎಸ್ ಅಂಕ ಹೆಚ್ಚಿಸಲು ಡೇಟಾ ಬಳಸೋದು ಹೇಗೆ?

ನಮಸ್ಕಾರ. ನಾನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಎನ್‌ಕ್ಯೂಎಎಸ್ (ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರಕ್ಕೆ ತಯಾರಿ ನಡೆದಿದೆ. ಪ್ರತಿ ಅಂಶಕ್ಕೂ 0, 1 ಅಥವಾ 2 ಅಂಕ, ಒಟ್ಟಾರೆ ಕನಿಷ್ಠ 70% ಬೇಕು ಅಲ್ವಾ? ಸ್ವಚ್ಛತೆ, ಔಷಧಿ ವಿಷಯದಲ್ಲಿ ಚಿಂತೆ ಇಲ್ಲ. ಫಲಿತಾಂಶದ ಸೂಚಕಗಳಲ್ಲೇ ಅಂಕ ಹೋಗುತ್ತಿದೆ. ರಿಜಿಸ್ಟರ್‌ಗಳು ತುಂಬಿವೆ, ಆದರೆ ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡುವವರಿಲ್ಲ.

ಒಪಿಡಿಯಲ್ಲಿ ಕಾಯುವ ಸಮಯ, ಬಿಪಿ ಹಿಡಿತಕ್ಕೆ ಬಂದವರ ಪ್ರಮಾಣ, ದೊಡ್ಡಾಸ್ಪತ್ರೆಗೆ ಕಳಿಸಿದ ಹೆರಿಗೆಗಳು, ಇವನ್ನು ಸರಳ ಎಕ್ಸೆಲ್ ಹಾಳೆಯಲ್ಲಿ ಬರೆದಿಡುವವರು ಇದ್ದೀರಾ? ಸುಮ್ನೆ ಅಂಕಕ್ಕಾಗಿ ಸಂಖ್ಯೆ ತುಂಬುವುದು ನನಗೆ ಬೇಡ. ಮಾತ್ರೆ ಅರ್ಧಕ್ಕೆ ಬಿಟ್ಟವರು ಯಾರೆಂದು ಗೊತ್ತಾದರೆ ಆಶಾ ಕಾರ್ಯಕರ್ತೆಯರನ್ನು ಅವರ ಮನೆಗೇ ಕಳಿಸಬಹುದು. ರೋಗಿಗಳ ಹೆಸರಿಲ್ಲದ ಖಾಲಿ ಮಾದರಿ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.