ಟ್ಯಾಂಕ್ ತುಂಬಿದ್ದರೂ ಅರ್ಧವೆಂದು ತೋರಿಸುವ ಎಂಜಿಬಿಯ ಫ್ಯುಯೆಲ್ ಗೇಜ್

ಪ್ರಶ್ನೆ: ನಮಸ್ಕಾರ ಸರ್. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿರುವ ನನ್ನ ಬಳಿ 1966ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. ಟ್ಯಾಂಕ್ ಭರ್ತಿ ಮಾಡಿಸಿದರೂ ಗೇಜಿನ ಮುಳ್ಳು ಅರ್ಧದ ಬಳಿಯೇ ನಿಲ್ಲುತ್ತದೆ. ಪೆಟ್ರೋಲ್ ಮುಗಿಯುತ್ತ ಬಂದಾಗ ಮಾತ್ರ ಬಹುತೇಕ ಸರಿಯಾಗಿ ತೋರಿಸುತ್ತದೆ. ಗ್ಯಾರೇಜಿನವರು ಗೇಜನ್ನೇ ಬದಲಿಸಬೇಕೆನ್ನುತ್ತಾರೆ. ಸ್ಮಿತ್ಸ್ ಕಂಪನಿಯ ಮೂಲ ಗೇಜನ್ನು ತೆಗೆಯಲು ನನಗೆ ಮನಸ್ಸಿಲ್ಲ. ದೋಷವನ್ನು ಪತ್ತೆ ಹಚ್ಚುವುದು ಹೇಗೆ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ದಯವಿಟ್ಟು ಗೇಜಿಗೆ ಈಗಲೇ ಕೈಹಚ್ಚಬೇಡಿ. ಮೊದಮೊದಲ ಎಂಜಿಬಿಗಳಲ್ಲಿ ಇಗ್ನಿಷನ್ ಹಾಕಿದೊಡನೆ ಮುಳ್ಳು ಥಟ್ಟನೆ ಏಳುತ್ತಿತ್ತು. 1964ರ ಕೊನೆಯಿಂದ ಬಂದ ಕಾರುಗಳಲ್ಲಿ ಬೈಮೆಟಲ್ ಪಟ್ಟಿ (ಎರಡು ಲೋಹಗಳನ್ನು ಬೆಸೆದದ್ದು) ಬಿಸಿಯಾಗಿ ಬಾಗುವುದರಿಂದ ಅದು ನಿಧಾನವಾಗಿ ಏರುತ್ತದೆ. ಈ ಬಗೆಯ ಗೇಜಿಗೆ ಹೊಂದುವ ಸೆಂಡರಿನ (ಟ್ಯಾಂಕಿನ ಪೆಟ್ರೋಲ್ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ) ವಿದ್ಯುತ್ ರೋಧ ಟ್ಯಾಂಕ್ ಖಾಲಿಯಿದ್ದಾಗ ಸುಮಾರು 250 ಓಮ್, ಅರ್ಧವಿದ್ದಾಗ 70ರ ಆಸುಪಾಸು, ತುಂಬಿದಾಗ 20ರಿಂದ 30 ಓಮ್ ಇರುತ್ತದೆ. ತುಕ್ಕು ಹಿಡಿದ ಅರ್ತಿನಿಂದ (ಕರೆಂಟು ಬಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ಇನ್ನೊಂದು 45 ಓಮ್ ಸೇರಿತೆಂದುಕೊಳ್ಳಿ: 250ರ ಮೇಲೆ ಅದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಆದರೆ 25ರ ಮೇಲೆ ಸೇರಿದರೆ ತುಂಬಿದ ಟ್ಯಾಂಕೇ ಗೇಜಿಗೆ ಅರ್ಧ ಟ್ಯಾಂಕಾಗಿ ಕಾಣುತ್ತದೆ. ತಾವು ಹೇಳುವ ಲಕ್ಷಣಕ್ಕೆ ಇದು ಹೊಂದುತ್ತದೆ.

ಟ್ಯಾಂಕ್ ಭರ್ತಿಯಿರುವಾಗಲೇ ಅಳೆಯಿರಿ. ಬ್ಯಾಟರಿ ಕಳಚಿಟ್ಟು, ಗೇಜಿನ ಹಿಂಬದಿಯ ಹಸಿರು-ಕಪ್ಪು ವೈರನ್ನು ಬಿಡಿಸಿ, ಆ ವೈರಿಗೂ ಬಾಡಿಗೂ ನಡುವಿನ ರೋಧವನ್ನು ಮಲ್ಟಿಮೀಟರಿನಲ್ಲಿ ನೋಡಿ. ಅನಂತರ ಕಾರಿನ ಕೆಳಗೆ ಸೆಂಡರಿನ ಟರ್ಮಿನಲ್ಲಿಗೂ ಅದರ ಲೋಹದ ಮೈಗೂ ನಡುವೆ ನೋಡಿ. ಮೊದಲನೆಯದು ಮಾತ್ರ ಹೆಚ್ಚಿದ್ದರೆ ದೋಷ ಅರ್ತಿನಲ್ಲಿ ಅಥವಾ ವೈರಿನ ಜೋಡಣೆಗಳಲ್ಲಿದೆ. ಎರಡೂ ಹೆಚ್ಚಿದ್ದರೆ ಸೆಂಡರನ್ನೇ ಶಂಕಿಸಬೇಕು. ಅದು ಪೆಟ್ರೋಲಿನ ಮಟ್ಟಕ್ಕಿಂತ ಕೆಳಗೆ ಕೂತಿರುವುದರಿಂದ ಟ್ಯಾಂಕ್ ಬರಿದು ಮಾಡದೆ ಬಿಚ್ಚುವಂತಿಲ್ಲ. ಎರಡೂ ಸರಿಯಿದ್ದರೆ ಡ್ಯಾಶ್‌ಬೋರ್ಡಿನ ಹಿಂದಿರುವ, ಗೇಜಿಗೆ ಸ್ಥಿರ ವೋಲ್ಟೇಜ್ ಕೊಡುವ ವೋಲ್ಟೇಜ್ ಸ್ಟೆಬಿಲೈಜರನ್ನು ನೋಡೋಣ.

ಮರುಪ್ರಶ್ನೆ: ಅಳೆದೆ ಸರ್. ಗೇಜಿನ ಕಡೆ 74 ಓಮ್, ಸೆಂಡರಿನಲ್ಲಿ 28 ಓಮ್ ಬಂತು. ಹೇಗೂ ಕೈಹಾಕಿದ್ದೇನೆ, ಎಲೆಕ್ಟ್ರಾನಿಕ್ ಸ್ಟೆಬಿಲೈಜರ್ ಕೂಡ ಹಾಕಿಬಿಡಲೇ?

ಉತ್ತರ: ಸೆಂಡರ್ ಚೆನ್ನಾಗಿದೆ. ಅದರ ಮೈಯಿಂದ ಬಾಡಿಯ ಬರಿಯ ಲೋಹಕ್ಕೆ ತಾತ್ಕಾಲಿಕವಾಗಿ ಒಂದು ವೈರ್ ಕೊಟ್ಟು ಗೇಜಿನ ಕಡೆ ಮತ್ತೆ ಅಳೆಯಿರಿ. 74 ಓಮ್ 28ರ ಹತ್ತಿರಕ್ಕೆ ಇಳಿದರೆ ಅರ್ತೇ ಕೆಟ್ಟಿದೆ. ಬಣ್ಣವನ್ನೂ ತುಕ್ಕನ್ನೂ ಕೆರೆದು ಶಾಶ್ವತ ಅರ್ತ್ ವೈರ್ ಹಾಕಿಸಿ. ಇಳಿಯದಿದ್ದರೆ ಹಸಿರು-ಕಪ್ಪು ವೈರಿನ ಬುಲೆಟ್ ಕನೆಕ್ಟರುಗಳನ್ನು ಒಂದೊಂದಾಗಿ ಬಿಡಿಸಿ ಶುಚಿಗೊಳಿಸಿ.

ಸ್ಟೆಬಿಲೈಜರನ್ನು ಈಗ ಬದಲಿಸುವುದು ಬೇಡ. ಹಳೆಯದು ಕರೆಂಟನ್ನು ಬಿಟ್ಟು ಬಿಟ್ಟು ಕೊಡುತ್ತ ಸರಾಸರಿ 10 ವೋಲ್ಟ್ ಪರಿಣಾಮ ಉಂಟುಮಾಡುತ್ತದೆ. ಹಾಗಾಗಿ ಡಿಜಿಟಲ್ ಮೀಟರಿನ ಅಂಕಿ ಕುಣಿದರೆ ಅದು ಕೆಟ್ಟಿದೆಯೆಂದು ತೀರ್ಮಾನಿಸಬೇಡಿ. ಮುಂದೆ ಬದಲಿಸುವುದಾದರೂ 1966ರ ಎಂಜಿಬಿ ಕಾರ್ಖಾನೆಯಿಂದ ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದ್ದು) ಆಗಿಯೇ ಬಂದದ್ದೆಂಬುದು ನೆನಪಿರಲಿ. ಹಳೆಯ ಸ್ಟೆಬಿಲೈಜರಿಗೆ ಧ್ರುವದ ಹಂಗಿಲ್ಲ, ಎಲೆಕ್ಟ್ರಾನಿಕ್ ಸ್ಟೆಬಿಲೈಜರಿಗೆ ಇದೆ. ಹಿಂದಿನ ಮಾಲೀಕರು ಅರ್ತ್ ಬದಲಿಸಿರಲೂಬಹುದು. ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆಯೆಂದು ಕಣ್ಣಾರೆ ನೋಡಿಯೇ ಕೊಳ್ಳಿ.